ಅಪ್ಪ ಹೊಲಿದ ಮೇಯರ್ ಗೌನು

ದಹಿಸರ್‌ನಲ್ಲಿ ಮನೆ ಮಾಡಿದವರಿಗೆ ಒಂದು ಸೌಕರ್ಯವಿದೆ. ಸಂಜೆ ವಾಕಿಂಗ್ ಹೊರಟು ಚೆಕ್‌ನಾಕಾ ದಾಟಿದರೆ ಸಾಕು, ಮೇಯರ್ ಬದಲಾಗಿಬಿಡುತ್ತಾರೆ. ಈ ಕಡೆ ಬೃಹನ್ಮುಂಬಯಿ ಮಹಾನಗರಪಾಲಿಕೆಯ ಆರ್-ನಾರ್ತ್ ವಾರ್ಡು. ಆ ಕಡೆ 2002ರಲ್ಲಿ ಮಹಾನಗರಪಾಲಿಕೆಯಾದ ಮೀರಾ-ಭಾಯಂದರ್. 2017ರಲ್ಲಿ ಜಿಎಸ್‌ಟಿ ಬರುವ ತನಕ ಜಕಾತಿ ಕಟ್ಟಲು ಇಲ್ಲಿ ಲಾರಿಗಳು ಸಾಲು ನಿಲ್ಲುತ್ತಿದ್ದವು. ಕಾರಿನವರಿಗೆ ಟೋಲ್ ತಪ್ಪಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಬಿಲ್ಡಿಂಗಿನವರು ಅಗ್ಗದ ತರಕಾರಿಗೆ ಆ ಕಡೆ ಹೋಗುತ್ತಾರೆ. ನೀರಿನ ಮಾತು ಬಂದಾಗ ಮಾತ್ರ 'ಆಮ್ಹಿ ಬಿಎಂಸಿ' ಎಂದು ಎದೆ ಸೆಟೆಸುತ್ತಾರೆ.

ಮುಂಬಯಿಯ ಮೇಯರ್ ಕುರ್ಚಿಯಲ್ಲಿ ನಮ್ಮ ದಹಿಸರ್‌ನವರೂ ಕೂತಿದ್ದಾರೆ. ಡಾ. ಶುಭಾ ರಾವುಳ್ 2007ರಿಂದ 2009ರವರೆಗೆ ಮೇಯರ್ ಆಗಿದ್ದರು. ನಾನು ಎಂಸಿಎ ಮುಗಿಸಿ, ಕೆಲಸ ಹಿಡಿದು ಈ ಊರಿಗೆ ಬಂದದ್ದು 2010ರಲ್ಲಿ. ಆಗಲೂ ಪಕ್ಕದ ಮನೆಯ ಕಾಕೂ 'ನಮ್ಮ ಮಹಾಪೌರ' ಎಂದೇ ಹೇಳುತ್ತಿದ್ದರು. ಮರಾಠಿಯಲ್ಲಿ ಮೇಯರ್‌ಗೆ ಮಹಾಪೌರ ಎನ್ನುತ್ತಾರೆ. ಕೇಳಲು ಗಂಭೀರವಾದ ಶಬ್ದ, ಅದನ್ನು ಕೇಳಿದಾಗಲೇ ಒಂದು ನಿಲುವಂಗಿ ಕಣ್ಣ ಮುಂದೆ ಬರುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ಮುಂಬಯಿಯ ಯಾವ ಮೇಯರನ್ನೂ ನಾನು ಗೌನಿನಲ್ಲಿ ನೋಡಿಲ್ಲ. ಫೇಟಾ ನೋಡಿದ್ದೇನೆ, ಶಾಲು ನೋಡಿದ್ದೇನೆ, ದೊಡ್ಡ ದೊಡ್ಡ ಹಾರ ನೋಡಿದ್ದೇನೆ.

ಇದನ್ನು ಗಮನಿಸಿದ್ದು ನಾನಲ್ಲ, ನಮ್ಮಪ್ಪ. ಅವ್ವ ತೀರಿಕೊಂಡ ಮರುವರ್ಷ, 2019ರಲ್ಲಿ, ಧಾರವಾಡದ ಅಂಗಡಿಯ ಬಾಗಿಲು ಹಾಕಿಸಿ ಅವರನ್ನು ಇಲ್ಲಿಗೆ ಕರೆತಂದೆವು. ಬಂದ ಹೊಸತರಲ್ಲಿ ಟಿವಿಯಲ್ಲಿ ಏನೋ ಉದ್ಘಾಟನೆ ನಡೆದಿತ್ತು. ನೋಡಿದವರೇ ಕೇಳಿದರು: "ಇಷ್ಟ ದೊಡ್ಡ ಊರು, ಇವರ ಮೇಯರ್‌ಗೆ ಗೌನು ಇಲ್ಲೇನವಾ?"

ಅಪ್ಪ ಟೇಲರ್. ನಾವು ಸಿಂಪಿಗರು, ನಾಮದೇವ ಸಿಂಪಿ. ಹಾಗಾಗಿ ಅಪ್ಪನಿಗೆ ಅಭಂಗಗಳ ಮರಾಠಿ ಬರುತ್ತದೆ. ದಹಿಸರ್‌ನ ತರಕಾರಿ ಮಾರುಕಟ್ಟೆಯ ಮರಾಠಿ ಅದಲ್ಲ ಎನ್ನುವುದು ಬೇರೆ ಮಾತು. ಧಾರವಾಡದಲ್ಲಿ ಅವರ ಅಂಗಡಿ ಗೌನಿಗೆ ಹೆಸರುವಾಸಿ. ಕೋರ್ಟಿನ ಊರು, ಯುನಿವರ್ಸಿಟಿಯ ಊರು. ವಕೀಲರ ಕಪ್ಪು ಗೌನು ವರ್ಷವಿಡೀ ನಡೆಯುತ್ತಿತ್ತು, ಘಟಿಕೋತ್ಸವದ ಗೌನು ಸೀಜನ್ನಿನಲ್ಲಿ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು. ಪೀಠಕ್ಕಾಗಿ ವಕೀಲರು ನಡೆಸಿದ ಹೋರಾಟದಲ್ಲಿ ಅಪ್ಪನೂ ಒಂದು ದಿನ ಅಂಗಡಿ ಮುಚ್ಚಿ ಹೋಗಿ ಕೂತು ಬಂದಿದ್ದರು. ಪೀಠ ಬಂತು, ಅದರ ಬೆನ್ನಿಗೇ ರೆಡಿಮೇಡ್ ಗೌನೂ ಬಂತು.

ಕಪ್ಪು ಗೌನುಗಳು ಎಷ್ಟು ಹೊಲಿದರೋ ಲೆಕ್ಕವಿಲ್ಲ. ಕೆಂಪು ಗೌನು ಒಂದೇ ಒಂದು.

ನಾನಾಗ ಐದನೆಯ ಇಯತ್ತೆ. ನಮ್ಮ ಕಡೆಯ ಒಂದು ಪಾಲಿಕೆಯಿಂದ ಜವಾನರೊಬ್ಬರು ಹಳೆಯ ಗೌನನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಆ ವರ್ಷ ಮೇಯರ್ ಸ್ಥಾನ ಮಹಿಳೆಗೆ ಮೀಸಲಾಗಿತ್ತು. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಇಂಥ ಸ್ಥಾನಗಳಿಗೆ ಸರದಿಯ ಮೀಸಲಾತಿ ಬಂದಿತ್ತಲ್ಲ, ಅದರ ಮೊದಮೊದಲ ದಿನಗಳು. ಗೌನು ಮಾತ್ರ ಆರಡಿ ಗಂಡಸಿಗೆಂದು ಕತ್ತರಿಸಿದ್ದು. ಹೊಸ ಮೇಯರಮ್ಮ ಐದಡಿಯೂ ಇಲ್ಲ. "ಕೆಳಗ ಮಡಚಿ ಹೊಲದು ಕೊಟ್ಟಬಿಡ್ರಿ" ಎಂದರು ಜವಾನರು.

ಅಪ್ಪ ಅಂಚು ಬಿಚ್ಚಿ ನೋಡಿದರೆ ಒಳಗೆ ಆ ಪಾಲಿಕೆಯ ಇತಿಹಾಸವೇ ಕೂತಿತ್ತು. ಒಂದರ ಮೇಲೊಂದು ಹಳೆಯ ಹೊಲಿಗೆಯ ಗೆರೆಗಳು. ಕರ್ನಾಟಕದಲ್ಲಿ ಆಗ ಮೇಯರ್ ಅವಧಿ ಒಂದೇ ವರ್ಷವಿತ್ತು. ಉದ್ದದವರು ಬಂದಾಗ ಬಿಚ್ಚಿದ್ದಾರೆ, ಗಿಡ್ಡದವರು ಬಂದಾಗ ಮಡಚಿದ್ದಾರೆ, ದಪ್ಪನೆಯವರು ಬಂದಾಗ ಬಗಲಲ್ಲಿ ಪಟ್ಟಿ ಕೂಡಿಸಿದ್ದಾರೆ. ಎಲ್ಲರ ಬೆವರೂ ಕಾಲರಿನಲ್ಲಿ ಸೇರಿ ಕೆಂಪು ಕಂದಾಗಿತ್ತು. ಅಸ್ತರು ಹಿಂಜಿಹೋಗಿತ್ತು. ಇನ್ನೊಂದು ಸೂಜಿ ಚುಚ್ಚಿದರೆ ಹರಿಯುತ್ತದೆ ಎಂದು ಅಪ್ಪ ಬರೆದುಕೊಟ್ಟರು. ಹೊಸ ಗೌನಿಗೆ ಮಂಜೂರಾತಿ ಸಿಕ್ಕಿತು.

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬಟ್ಟೆ ಮಕಮಲ್ಲೇ ಆಗಬೇಕೆಂದು ಆಫೀಸಿನವರು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಕಮಲ್ಲು ಹೊದ್ದು ಕೂತರೆ ಸಭೆ ಮುಗಿಯುವುದರೊಳಗೆ ಮನುಷ್ಯರು ಬೆಂದುಹೋಗುತ್ತಾರೆ ಎಂದು ಅಪ್ಪ. ಕೊನೆಗೆ ಮೇಲೆ ಮಕಮಲ್ಲು, ಒಳಗೆ ತೆಳು ಮಲಮಲ್ಲಿನ ಅಸ್ತರು ಎಂದಾಯಿತು. ಅಳತೆಗೆ ಅವ್ವನನ್ನೂ ಮೇಯರಮ್ಮನ ಮನೆಗೆ ಕರೆದುಕೊಂಡು ಹೋದರು. ಟೇಪು ಹಿಡಿದವಳು ಅವ್ವ, ಬಾಗಿಲಾಚೆ ನಿಂತು ಬರೆದುಕೊಂಡವರು ಅಪ್ಪ. ಬರೆದುಕೊಂಡು ಬಂದ ಅಳತೆಗೆ ಹೊಲಿದರೇ ಅಂದರೆ, ಇಲ್ಲ. ಮುಂದಿನ ವರ್ಷ ಬರುವವರು ಯಾರೋ ಏನೋ. ಭುಜಕ್ಕೆ ಸಡಿಲು ಬಿಟ್ಟರು, ಕೆಳಗೆ ಅರ್ಧ ಅಡಿ ಬಟ್ಟೆ ಒಳಗೆ ಮಡಚಿಟ್ಟರು, ಬೆನ್ನಿಗೆ ನೆರಿಗೆ ಹಿಡಿದರು. ಗೌನು ಕುರ್ಚಿಯ ಅಳತೆಗಿರಬೇಕು ಎನ್ನುವುದು ಅವರ ಲೆಕ್ಕ.

ತೊಡಕಾದದ್ದು ಸೆರಗು. ಗಂಡಸರ ಅಂಗಿಯ ಮೇಲೆ ಗೌನು ತಾನಾಗಿ ಕೂಡುತ್ತದೆ. ಸೀರೆಯ ಮೇಲೆ ಹಾಕಿದರೆ ಎಡಭುಜದಲ್ಲಿ ಸೆರಗಿನ ಗಂಟು, ಬಲಭುಜದಲ್ಲಿ ಏನೂ ಇಲ್ಲ. ಗೌನು ಬಲಕ್ಕೆ ಜಾರುತ್ತದೆ. ಅದರ ಮೇಲೆ ಪದಕದ ಸರ ಹಾಕಿದರೆ ಅದೂ ಜಾರುತ್ತದೆ. ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ ಹೆಣ್ಣುಮಗಳು ಎರಡು ತಾಸು ಭುಜ ಎಳೆದುಕೊಳ್ಳುತ್ತಲೇ ಕೂಡಬೇಕಾಗುತ್ತದೆ. ಅಪ್ಪ ಇದನ್ನು ಊಹಿಸಿದವರಲ್ಲ, ಕಣ್ಣಾರೆ ನೋಡಿದರು. ಹೇಗೆಂದರೆ, ಹಸಿ ಹೊಲಿಗೆ ಹಾಕಿದ ಗೌನನ್ನು ಅವ್ವನಿಗೆ ತೊಡಿಸಿ ಮನೆಯಲ್ಲಿ ಓಡಾಡಿಸಿದರು. ಇಳಕಲ್ ಸೀರೆ, ಮೇಲೆ ಕೆಂಪು ಮಕಮಲ್ಲು. "ಕೂಡು. ಏಳು. ಕೈ ಮುಗಿ. ಸಹಿ ಮಾಡಿದಂಗ ಮಾಡು." ಅವ್ವ ನಗುತ್ತ ನಗುತ್ತ ಎಲ್ಲ ಮಾಡಿದಳು. ಒಲೆಯ ಮೇಲಿನ ಸಾರು ಉಕ್ಕಿದಾಗ ಗೌನಿನಲ್ಲಿಯೇ ಅಡಿಗೆಮನೆಗೆ ಓಡಿದಳು, ಅಪ್ಪ "ಗೌನ ಗೌನ!" ಎಂದು ಕಿರುಚುತ್ತ ಹಿಂದೆ. ನಾನು ನೋಡಿದ ಮೊದಲ ಮೇಯರ್ ನಮ್ಮವ್ವ.

ಆಮೇಲೆ ಬಲಭುಜದ ಒಳಗೆ ಹುಕ್ಕು, ಕುಪ್ಪಸಕ್ಕೆ ಸಿಕ್ಕಿಸಲು ಒಂದು ಪಟ್ಟಿ, ಸರ ಜಾರದಂತೆ ಎರಡೂ ಭುಜದಲ್ಲಿ ದಾರದ ಕೊಂಡಿ. ಹೊರಗಿನಿಂದ ಏನೂ ಕಾಣುವುದಿಲ್ಲ. ಗಂಡಸು ಮೇಯರ್ ಆದರೆ ಹುಕ್ಕು ಸುಮ್ಮನೆ ಒಳಗಿರುತ್ತದೆ. ಈಗ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದನ್ನು ಮಾಡಿದರೆ ನಮ್ಮ ಕಂಪನಿಯಲ್ಲಿ ಒಂದು ಸ್ಲೈಡ್ ಹಾಕಿ ಚಪ್ಪಾಳೆ ಹೊಡೆಸುತ್ತಾರೆ.

ಬಿಲ್ಲಿನ ಕತೆ ಕೇಳಿ. ಒಂದು ತಿಂಗಳಾಯಿತು, ಎರಡಾಯಿತು, ದುಡ್ಡಿಲ್ಲ. ಅಪ್ಪ ಸಂಕೋಚದಿಂದಲೇ ಮೇಯರಮ್ಮನ ಮನೆಗೆ ಹೋದರು. ಆಕೆ ಚಹಾ ಕೊಟ್ಟು, ಗೌನು ಬಹಳ ಚಂದ ಕೂತಿದೆ ಎಂದು ಹೊಗಳಿ, ಕಡೆಗೆ ಹೇಳಿದರಂತೆ: "ಗೌನು ಹಾಕ್ಕೊಳ್ಳೋದಷ್ಟ ನಂದರಿ ಅಣ್ಣಾರ. ಬಿಲ್ಲಿಗೆ ಸಹಿ ಕಮಿಷನರ್ ಸಾಹೇಬರದು." ಹನ್ನೊಂದು ತಿಂಗಳ ಮೇಲೆ ಎರಡು ಕಂತಿನಲ್ಲಿ ಹಣ ಬಂತು. ಅಷ್ಟರಲ್ಲಿ ಆಕೆಯ ಅವಧಿ ಮುಗಿದು ಇನ್ನೊಬ್ಬರು ಆ ಗೌನು ತೊಟ್ಟಿದ್ದರು.

ಆ ಮೇಯರಮ್ಮ ಹೇಳಿದ್ದು ಇಡೀ ದೇಶದ ಪಾಲಿಕೆಗಳ ಸಂವಿಧಾನ ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಮುಂಬಯಿ ಪಾಲಿಕೆ ನಡೆಯುವುದು 1888ರ ಕಾಯಿದೆಯಂತೆ. ಅದರಲ್ಲಿ ಕಾರ್ಯಾಧಿಕಾರ ಆಯುಕ್ತರದು, ಅಂದರೆ ಸರಕಾರ ಕಳಿಸುವ ಅಧಿಕಾರಿಯದು. 227 ನಗರಸೇವಕರ ಸಭೆಗೆ ಮೇಯರ್ ಅಧ್ಯಕ್ಷರು. ಊರಿನ ಪ್ರಥಮ ಪ್ರಜೆ. ದೊಡ್ಡವರು ಬಂದರೆ ಸ್ವಾಗತ ಮಾಡುವವರು. 2025-26ರಲ್ಲಿ ಈ ಪಾಲಿಕೆಯ ಬಜೆಟ್ 74,427 ಕೋಟಿ ರೂಪಾಯಿ. ಅದರ ಚೆಕ್‌ಬುಕ್ ಮೇಯರ್ ಹತ್ತಿರ ಇರುವುದಿಲ್ಲ. ಅವರಲ್ಲಿ ಇರುತ್ತಿದ್ದದ್ದು ಬಂಗಲೆ, ಕಾರು, ಕಾರಿನ ಮೇಲಿನ ಕೆಂಪು ದೀಪ. ದೀಪ 2017ರ ಮೇ 1ರಂದು ದೇಶದಾದ್ಯಂತ ಎಲ್ಲರ ಕಾರಿನಿಂದಲೂ ಇಳಿಯಿತು. ಶಿವಾಜಿ ಪಾರ್ಕಿನ ಸಮುದ್ರದಂಚಿನ ಬಂಗಲೆ ಬಾಳಾಸಾಹೇಬ ಠಾಕ್ರೆಯವರ ಸ್ಮಾರಕಕ್ಕೆ ಹೋಗಿ, ಮೇಯರ್ ವಾಸ ಭಾಯಖಳಾದ ರಾಣಿಬಾಗಿಗೆ ಬದಲಾಯಿತು. ರಾಣಿಬಾಗ್ ಎಂದರೆ ಪ್ರಾಣಿಸಂಗ್ರಹಾಲಯ. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಆಗ ಬಂದ ಜೋಕುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹಾಗಾದರೆ ಈ ವೇಷ ಎಲ್ಲಿಂದ ಬಂತು? ಲಂಡನ್ನಿನ ಲಾರ್ಡ್ ಮೇಯರ್ ಇವತ್ತಿಗೂ ಪ್ರತಿ ನವೆಂಬರಿನಲ್ಲಿ 1757ರಲ್ಲಿ ಮಾಡಿಸಿದ ಬಂಗಾರ ಬಣ್ಣದ ರಥದಲ್ಲಿ ಕೂತು ಮೆರವಣಿಗೆ ಹೋಗುತ್ತಾರೆ. ಅವರ ಕೊರಳಿನ ಸರ 16ನೇ ಶತಮಾನದ್ದು. ಆ ಪದ್ಧತಿ ಹಡಗು ಹತ್ತಿ ಮೊದಲು ಇಳಿದದ್ದು ಮದರಾಸಿನಲ್ಲಿ. 1687ರ ಡಿಸೆಂಬರಿನ ಸನ್ನದಿನಿಂದ ಅಲ್ಲಿ ಮೇಯರ್, ಹನ್ನೆರಡು ಆಲ್ಡರ್‌ಮನ್, ಅರವತ್ತು ಬರ್ಜೆಸ್ ಇರುವ ಕಾರ್ಪೊರೇಶನ್ ಹುಟ್ಟಿತು. ಕಂಪನಿಯ ದೊರೆಗಳು ಅವರ ಬಟ್ಟೆಯ ಬಗ್ಗೆಯೂ ಲಂಡನ್ನಿನಿಂದ ಬರೆದು ಕಳಿಸಿದರು: ಮೇಯರ್ ಮತ್ತು ಆಲ್ಡರ್‌ಮನ್‌ಗಳಿಗೆ ಕೆಂಪು ಗೌನು, ಬರ್ಜೆಸ್‌ಗಳಿಗೆ ಬಿಳಿ ರೇಷ್ಮೆಯದು. ಆ ಸೆಕೆಯ ನಾಡಿಗೆ ಹೊಂದುವಂತೆ ಹೊಲಿಸಿ ಎನ್ನುವ ಸೂಚನೆಯೂ ಜೊತೆಗಿತ್ತು. ಇದನ್ನು ಓದಿ ಹೇಳಿದಾಗ ಅಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. "ನೋಡು, ಮುನ್ನೂರು ವರ್ಷದ ಹಿಂದ ಅವರಿಗೆ ಗೊತ್ತಿತ್ತು. ನಮ್ಮ ಆಫೀಸಿನವರಿಗೆ ಗೊತ್ತಾಗಲಿಲ್ಲ."

ಬೊಂಬಾಯಿಗೆ ಮೇಯರ್ ಎಂಬ ಹೆಸರು ಬಂದದ್ದು 1726ರ ಸನ್ನದಿನ ಮೇಯರ್ ಕೋರ್ಟಿನೊಂದಿಗೆ. ಅದು ನ್ಯಾಯಾಲಯ. ನಾವು ಈಗ ತಿಳಿದಿರುವ ಅರ್ಥದ ಮೇಯರ್ ಬಂದದ್ದು 1931ರಲ್ಲಿ. ಅದಕ್ಕೂ ಮೊದಲು ಪಾಲಿಕೆಯ ಮುಖ್ಯಸ್ಥರಿಗೆ ಪ್ರೆಸಿಡೆಂಟ್ ಎನ್ನುತ್ತಿದ್ದರು. ಮೊದಲ ಮೇಯರ್ ಜೆ. ಬಿ. ಬೋಮನ್ ಬೆಹರಾಮ್. ಸಿಎಸ್‌ಎಂಟಿ ಎದುರಿನ ಪಾಲಿಕೆಯ ಕಟ್ಟಡ ನೋಡಿದ್ದೀರಲ್ಲ, ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ ಮಾಡಿದ, 1893ರಲ್ಲಿ ಮುಗಿದ ಆ ಗೋಪುರ. ಮೇಯರ್ ಎನ್ನುವ ಪದವಿಗಿಂತ ಆ ಕಟ್ಟಡವೇ ಹಳೆಯದು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. 2022ರ ಮೇ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಗೆ ಈರೇಶ ಅಂಚಟಗೇರಿ ಮೇಯರ್ ಆದರು. ಗೌನು ವಸಾಹತುಶಾಹಿ ಕಾಲದ ಕುರುಹು, ತಾನು ತೊಡುವುದಿಲ್ಲ ಎಂದರು. ಸುದ್ದಿ ಊರಿನಿಂದ ಅಪ್ಪನ ಫೋನಿಗೆ ನಾಲ್ಕು ಜನರಿಂದ ಬಂತು. ಎಲ್ಲರಿಗೂ ಗೊತ್ತಿತ್ತಲ್ಲ, ಈ ಮನುಷ್ಯ ಗೌನಿನವನು ಎಂದು.

ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ: ಅಂಚಟಗೇರಿ ಹೇಳಿದ್ದರಲ್ಲಿ ನ್ಯಾಯವಿದೆ. 2010ರಲ್ಲಿ ಭೋಪಾಲದ ಒಂದು ಘಟಿಕೋತ್ಸವದಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ವೇದಿಕೆಯ ಮೇಲೆಯೇ ಗೌನು ಕಳಚಿ, ಇದು ವಸಾಹತು ಕಾಲದ ಅನಾಗರಿಕ ಪಳೆಯುಳಿಕೆ ಎಂದಿದ್ದರು. ಅವರ ಪಕ್ಷ ಒಂದು, ಇವರದು ಇನ್ನೊಂದು. ಗೌನಿನ ವಿಷಯದಲ್ಲಿ ಇಬ್ಬರೂ ಒಂದೇ ಮಾತು. ಆಮೇಲೆ ಯುಜಿಸಿ ಕೂಡ ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸಿ ಎಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಬಿಸಿಲ ನಾಡಿನಲ್ಲಿ ಮಕಮಲ್ಲು ಯಾಕೆ? ಲಂಡನ್ನಿನ ಚಳಿಗೆ ಹುಟ್ಟಿದ ಬಟ್ಟೆ ಯಾಕೆ? ಇಷ್ಟನ್ನು ಊಟದ ಹೊತ್ತಿಗೆ ಹೇಳಿದೆ. ನನ್ನವರು ತಲೆ ಹಾಕಲಿಲ್ಲ; ಮಾವ-ಮಗಳ ಜಗಳದಲ್ಲಿ ಬೀಳಬಾರದೆಂಬ ಬುದ್ಧಿ ಅವರಿಗಿದೆ.

ಅಪ್ಪ ಸಿಟ್ಟಾಗಲಿಲ್ಲ. ರೊಟ್ಟಿ ಮುರಿಯುತ್ತ ಕೇಳಿದರು: "ಪ್ಯಾಂಟು ಯಾರದು?"

"ಏನಪ್ಪಾ?"

"ಪ್ಯಾಂಟು, ಶರ್ಟು, ಕಾಲರು, ಕಾಜ, ಗುಂಡಿ. ಎಲ್ಲಾ ಎಲ್ಲಿಂದ ಬಂದಾವು? ಕುರ್ಚಿ ಯಾರದು? ಮೇಯರ್ ಅನ್ನೋ ಶಬ್ದ ಯಾರದು? ಅದನ್ಯಾಕ ಬಿಡೂದಿಲ್ಲ?"

ಆ ವಾದವನ್ನು ನಾನು ಒಪ್ಪುವುದಿಲ್ಲ. ದಿನಾ ತೊಡುವ ಪ್ಯಾಂಟು ನಮ್ಮದಾಗಿಹೋಗಿದೆ. ವರ್ಷಕ್ಕೆ ಹತ್ತು ಸಲ ಪೆಟ್ಟಿಗೆಯಿಂದ ಹೊರಗೆ ಬರುವ ಗೌನು ಇನ್ನೂ ಅವರದೇ. ಅದನ್ನೇ ಹೇಳಿದೆ. ಅಪ್ಪನ ಎರಡನೆಯ ಮಾತು ಮಾತ್ರ ಬೇರೆ ತರಹದ್ದು. ಅದನ್ನು ಈಗಲೂ ಮನಸ್ಸಿನಲ್ಲಿ ತಿರುವಿ ಹಾಕುತ್ತಿರುತ್ತೇನೆ.

"ದೊಡ್ಡ ಮಂದಿ ಹಾಕ್ಕೊಂಡು ಕೂತಾಗ ಇಷ್ಟು ವರ್ಷ ಯಾರೂ ಏನೂ ಅನಲಿಲ್ಲ. ಈಗ ರಿಕ್ಷಾ ಹೊಡೆಯೋನ ಹೆಂಡ್ತಿ, ಹೊಲೇರ ಹುಡುಗಿ, ಸಿಂಪಿಗರ ಹುಡುಗ ಹಾಕ್ಕೊಳ್ಳೋ ಪಾಳಿ ಬಂತು ನೋಡವಾ. ಆ ಹೆಣ್ಣಮಗಳು ಗೌನು ಹಾಕ್ಕೊಂಡ ದಿನ ಎದುರಿಗೆ ಕೂತಾವರು ಎದ್ದು ನಿಂತರು. ಬರೇ ಸೀರ್ಯಾಗ ಹೋಗಿದ್ದರ ಏಳತಿದ್ದರೇನು?"

ಆ ವರ್ಷದ ಮಾರ್ಚಿ 4ರಂದು ಚೆನ್ನೈನಲ್ಲಿ ಆರ್. ಪ್ರಿಯಾ ಮೇಯರ್ ಆದ ಫೋಟೋ ಅಪ್ಪನ ಫೋನಿನಲ್ಲಿತ್ತು. ಆ ಊರಿನ ಮೊದಲ ದಲಿತ ಮಹಿಳಾ ಮೇಯರ್, ವಯಸ್ಸು ಮೂವತ್ತೂ ಆಗಿರಲಿಲ್ಲ. ಕೆಂಪು ಗೌನು, ಎದೆ ತುಂಬ ಬಂಗಾರದ ಸರ. ಕಂಪನಿ ದೊರೆಗಳು 1687ರಲ್ಲಿ ಯಾರಿಗಾಗಿ ಆ ಬಟ್ಟೆ ಬರೆದು ಕಳಿಸಿದ್ದರೋ, ಕೊನೆಗೆ ಯಾರ ಮೈಮೇಲೆ ಬಂತೋ. ಅಪ್ಪ ಆ ಫೋಟೋವನ್ನು ದೊಡ್ಡದು ಮಾಡಿ ಭುಜದ ಹತ್ತಿರ ನೋಡಿದರು. "ಸರಿ ಕೂತದ" ಎಂದರು. ಹುಕ್ಕು ಇದೆಯೋ ಇಲ್ಲವೋ ಕಾಣಲಿಲ್ಲ.

ಆಮೇಲೆ 2023ರ ಮೇ 28ರಂದು ಹೊಸ ಸಂಸತ್ತಿನಲ್ಲಿ ಸೆಂಗೋಲ್ ಇಟ್ಟಾಗ ಅಪ್ಪ ಟಿವಿ ಮುಂದೆ ನನ್ನನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಗೌನು ಬೇಡವಾದವರಿಗೂ ಕೋಲು ಬೇಕಾಯಿತಲ್ಲ ಎನ್ನುವ ನೋಟ. ಅದು ನಮ್ಮದೇ ಕೋಲು ಎಂದೆ. "ಹೂಂ, ಹೂಂ" ಎಂದರು.

ಕೋಲಿನ ಮಾತು ಬಂತಾದ್ದರಿಂದ ಹೇಳುತ್ತೇನೆ: ಮಹಾರಾಷ್ಟ್ರದ ಪಾಲಿಕೆಗಳಲ್ಲಿ ಗೌನಿನ ಸೊಗಸು ಇಲ್ಲದಿದ್ದರೂ ರಾಜದಂಡ ಇದೆ. ಮೇಯರ್ ಮುಂದೆ ಇಡುವ ದಂಡ. ವಿರೋಧ ಪಕ್ಷದವರಿಗೆ ಸಿಟ್ಟು ಬಂದರೆ ಓಡಿಬಂದು ಅದನ್ನೇ ಎತ್ತಿಕೊಂಡು ಹೋಗುವುದು ಇಲ್ಲಿನ ಹಳೆಯ ಸಂಪ್ರದಾಯ. 'ರಾಜದಂಡ ಪಳವಲಾ' ಎಂಬ ತಲೆಬರಹ ಮರಾಠಿ ಪತ್ರಿಕೆ ಓದುವ ನಮ್ಮೆಲ್ಲರಿಗೂ ಪರಿಚಿತ. ಪುಣೆಯಲ್ಲಿ ಅದನ್ನು ಮಾನದಂಡ ಎನ್ನುತ್ತಾರೆ, ಅಲ್ಲಿಯೂ ಓಡುತ್ತಾರೆ. ದಂಡ ಎದುರಿಗಿಲ್ಲದಿದ್ದರೆ ಸಭೆಗೆ ಅಧಿಕಾರವಿಲ್ಲ ಎಂಬುದು ಅದರ ಹಿಂದಿನ ನಂಬಿಕೆ, ಅದೂ ಬ್ರಿಟಿಷ್ ಪಾರ್ಲಿಮೆಂಟಿನದು. ಅಲ್ಲಿ 1976ರಲ್ಲಿ ಮೈಕೆಲ್ ಹೆಸೆಲ್ಟೈನ್ ಎಂಬ ಸಂಸದ ಆ ದಂಡ ಎತ್ತಿ ಝಳಪಿಸಿ ದೊಡ್ಡ ರಾದ್ಧಾಂತ ಮಾಡಿದ್ದರು. ನಮ್ಮ ನಗರಸೇವಕರು ಅದೇ ಆಟವನ್ನು ಕಬಡ್ಡಿಯ ಹಾಗೆ ಬೆಳೆಸಿದ್ದಾರೆ. ನನಗೆ ಇದು ಗೌನಿಗಿಂತ ಇಷ್ಟ. ಕನಿಷ್ಠ ದಂಡ ಕಳೆದರೆ ಸಭೆ ನಿಲ್ಲುತ್ತದೆ. ಗೌನು ಕಳೆದರೆ ಯಾರಿಗೆ ಏನಾಗುತ್ತದೆ?

2022ರ ಮಾರ್ಚಿಯಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಆಗದೆ, ಆಡಳಿತಾಧಿಕಾರಿಯೇ ಎಲ್ಲ ನಡೆಸಿದರು. ಆಗ ನನ್ನ ಮಗಳಿಗೆ ಶಾಲೆಯಲ್ಲಿ ನಾಗರಿಕಶಾಸ್ತ್ರದ ಪಾಠ: 'ನಿಮ್ಮ ನಗರದ ಪ್ರಥಮ ಪ್ರಜೆ ಯಾರು?' ಉತ್ತರ ಬರೆಯಲು ನನ್ನ ಹತ್ತಿರ ಬಂದಳು. ಕುರ್ಚಿ ಖಾಲಿ ಇದೆ ಎಂದೆ. ಹಾಗೆ ಬರೆದರೆ ಮಾರ್ಕು ಕೊಡುವುದಿಲ್ಲ ಎಂದಳು. ಕಸದ ಗಾಡಿ ಬರುತ್ತಿತ್ತು, ನೀರು ಬರುತ್ತಿತ್ತು, ಮೇಯರ್ ಇಲ್ಲವೆಂದು ನಮಗೆ ಯಾರಿಗೂ ನೆನಪೂ ಇರುತ್ತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಗುಂಡಿಯ ಬಗ್ಗೆ ನಗರಸೇವಕರ ಆಫೀಸಿಗೆ ಹೋಗಿ ಕೂಗಾಡುವ ಅವಕಾಶ ಹೋಗಿತ್ತು. ಆ್ಯಪಿನಲ್ಲಿ ದೂರು ಹಾಕಿ, 'ಪರಿಹರಿಸಲಾಗಿದೆ' ಎಂಬ ಉತ್ತರವನ್ನು ಗುಂಡಿಯ ಪಕ್ಕದಲ್ಲಿ ನಿಂತು ಓದುವ ಭಾಗ್ಯ ಉಳಿದಿತ್ತು. ಹಾಗೆಯೇ ಕನ್ನಡ ಶಾಲೆಗಳು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅವುಗಳ ಬಗ್ಗೆ ಮಾತಾಡಬೇಕೆಂದರೆ ಮಾತು ಕೇಳುವ ಚುನಾಯಿತ ಮುಖವೊಂದು ಬೇಕಲ್ಲ.

ಆ ಖಾಲಿ ಕುರ್ಚಿಯಲ್ಲಿ ಅದಕ್ಕೂ ಮೊದಲು ಇದ್ದವರು ಕಿಶೋರಿ ಪೆಡ್ನೇಕರ್. ಅವರು ಹಿಂದೆ ನರ್ಸ್ ಆಗಿದ್ದವರು. 2020ರ ಏಪ್ರಿಲ್ ಕೊನೆಯಲ್ಲಿ, ನಾವೆಲ್ಲ ಹಾಲಿನ ಪ್ಯಾಕೆಟ್ ತೊಳೆಯುತ್ತಿದ್ದ ದಿನಗಳಲ್ಲಿ, ಅವರು ನರ್ಸ್ ಯೂನಿಫಾರ್ಮ್ ತೊಟ್ಟು ನಾಯರ್ ಆಸ್ಪತ್ರೆಗೆ ಹೋದರು. ನರ್ಸುಗಳಿಗೆ ಧೈರ್ಯ ಹೇಳಲು. ಫೋಟೋಕ್ಕಾಗಿ ಎಂದು ಕೆಲವರು ಅಂದರು. ಇರಬಹುದು, ಗೌನೂ ಫೋಟೋಕ್ಕಾಗಿಯೇ ಅಲ್ಲವೇ? ಮುಂಬಯಿ ಮೇಯರ್ ಉಡುಪು ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಬಿಳಿ ಸಮವಸ್ತ್ರ. ನಮ್ಮ ಕಡೆಯದನ್ನು ಕೇಳಿದರೆ, 2017ರಲ್ಲಿ ಮಂಗಳೂರಿನ ಮೇಯರ್ ಕವಿತಾ ಸನಿಲ್ ಕರಾಟೆಯ ದಿರಿಸಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಪಟ್ಟು ಹಾಕಿದ ಚಿತ್ರ. ಮೈಸೂರಿನಲ್ಲಿ ಮೇಯರ್ ಜಂಬೂಸವಾರಿಗೆ ಕುದುರೆ ಏರಬೇಕು. 2019ರಲ್ಲಿ ಪುಷ್ಪಲತಾ ಜಗನ್ನಾಥ್ ಏರಿದ್ದರು. ಅವರೆಲ್ಲ ಕುದುರೆ ಸವಾರಿ ಕಲಿತು ಏರುತ್ತಾರೆ ಎನ್ನುವುದನ್ನು ಕೇಳಿ ನನಗೆ ಗೌರವ ಹೆಚ್ಚಾಯಿತು. ಬೇರೆ ಯಾವ ಮೇಯರ್ ಪದವಿಗೆ ಇಂಥ ಪ್ರಾಕ್ಟಿಕಲ್ ಪರೀಕ್ಷೆ ಇದೆ?

ಮೈಸೂರು ಎಂದಾಗ ಪೇಟದ ಬಗ್ಗೆ ಒಂದು ಮಾತು. ಮುಂಬಯಿಯ ನಮ್ಮ ಕನ್ನಡ ಸಂಘಗಳ ಸಮಾರಂಭಕ್ಕೆ ಹೋದವರಿಗೆ ಗೊತ್ತು, ಅಲ್ಲಿ ವೇದಿಕೆ ಹತ್ತಿದ ಎಲ್ಲರೂ ಅರ್ಧ ತಾಸಿನ ಮೇಯರ್‌ಗಳೇ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ, ತಲೆಗೆ ರೆಡಿಮೇಡ್ ಪೇಟ. ಕಳೆದ ವರ್ಷ ನಮ್ಮ ಉಪನಗರದ ಒಂದು ಸಮಾರಂಭದಲ್ಲಿ ಹಿರಿಯರ ಸನ್ಮಾನದಲ್ಲಿ ಅಪ್ಪನ ಹೆಸರೂ ಇತ್ತು. ಪೇಟ ತಲೆಗೆ ದೊಡ್ಡದಾಗಿ ಕಣ್ಣ ಮೇಲೆ ಇಳಿಯಿತು. ಅಪ್ಪ ವೇದಿಕೆಯ ಮೇಲೆಯೇ ಅದನ್ನು ತೆಗೆದು, ಒಳಗೆ ಬೆರಳಾಡಿಸಿ, ಹಿಂದಿನ ಪಟ್ಟಿಯನ್ನು ಮಡಚಿ ಮತ್ತೆ ಇಟ್ಟುಕೊಂಡರು. ಪಕ್ಕದಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ತಮ್ಮದನ್ನೂ ಮುಂದೆ ಚಾಚಿದರು. ಫೋಟೋದಲ್ಲಿ ಅಪ್ಪ ಕೆಳಗೆ ನೋಡುತ್ತ ಪೇಟ ರಿಪೇರಿ ಮಾಡುತ್ತಿದ್ದಾರೆ.

ಕಣ್ಣಿನ ಪೊರೆ ತೆಗೆಸಿದ ಮೇಲೂ ಅಪ್ಪನಿಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಬೆರಳು ನಡುಗುತ್ತವೆ. ಆದರೂ ನಾಲ್ಕು ಗಂಟೆಗೆ ಸ್ಟೇಷನ್ ಹತ್ತಿರದ ಆಲ್ಟರೇಶನ್ ಅಂಗಡಿಗೆ ಹೋಗಿ ಕೂರುತ್ತಾರೆ. ಅಂಗಡಿಯವನು ಬಿಹಾರದ ಹುಡುಗ, ಅಪ್ಪನಿಗೆ 'ಚಾಚಾ' ಎನ್ನುತ್ತಾನೆ. ಜೀನ್ಸ್ ಕೆಳಗೆ ಕತ್ತರಿಸಿ ಹೊಲಿಯುವುದು ಅವನ ಮುಖ್ಯ ಕೆಲಸ. ಕತ್ತರಿಸಿದ ಬಟ್ಟೆಯನ್ನು ಬಿಸಾಡಬೇಡ, ಒಳಗೆ ಮಡಚು ಎಂದು ಅಪ್ಪ ಅವನಿಗೆ ಹೇಳುತ್ತಿರುತ್ತಾರೆ. ಜೀನ್ಸ್ ಹಾಕುವವರು ಮುಂದೆ ಉದ್ದವಾಗುವುದಿಲ್ಲ ಚಾಚಾ ಎಂದು ಅವನು.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಂಪುಟ ಒಪ್ಪಿತು. 1962ರಲ್ಲಿ ಹುಬ್ಬಳ್ಳಿಯ ಜೊತೆ ಸೇರಿಸಿದ್ದು, ಅರವತ್ತು ವರ್ಷ ಧಾರವಾಡದವರು ಗೊಣಗಿದ್ದೇ ಗೊಣಗಿದ್ದು. ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. 2020ರ ಸೆಪ್ಟೆಂಬರಿನಿಂದ ಒಬ್ಬ ಮೇಯರೂ ಇಲ್ಲದ ಊರಿಗೆ ಐದು ಮೇಯರ್ ಸ್ಥಾನ. ನಾನು ಇದನ್ನು ಪೇಪರಿನಿಂದ ಓದಿ ಹೇಳಿದಾಗ ಅಪ್ಪ ಬೆರಳೆಣಿಸಿದರು: "ಧಾರವಾಡದ್ದೊಂದು, ಬೆಂಗಳೂರಿಂದು ಐದು. ಆರು ಗೌನು."

"ಹಾಕಿಕೊಂಡರಲ್ಲವೇ ಅಪ್ಪಾ? ಬೇಡ ಅಂತಾರೋ ಏನೋ" ಎಂದೆ.

"ಬ್ಯಾಡ ಅಂದ್ರ ಅವರಿಚ್ಛಾ. ಬೇಕು ಅಂದ್ರ ಹೊಲಿಯಾಕ ಬರಬೇಕಲ್ಲ."

ಆ ರಾತ್ರಿ ಧಾರವಾಡದಲ್ಲಿರುವ ಹಳೆಯ ಶಾಗಿರ್ದನಿಗೆ ವಿಡಿಯೋ ಕಾಲ್ ಮಾಡಿಸಿಕೊಂಡರು. ಅವನೀಗ ಶಾಲಾ ಸಮವಸ್ತ್ರಗಳ ಗುತ್ತಿಗೆ ಹಿಡಿದಿದ್ದಾನೆ, ಪುರುಸೊತ್ತಿಲ್ಲ. ಆದರೂ ಹೂಂಗುಟ್ಟುತ್ತ ಬರೆದುಕೊಂಡ. ಮಕಮಲ್ಲು ಬೇಡ, ಎಷ್ಟೇ ಹೇಳಿದರೂ ಒಪ್ಪಬೇಡ, ಗುಳೇದಗುಡ್ಡದ ಖಣದ ಅಂಚು ಹಾಕಿ ನೋಡು. ಅಸ್ತರು ಮಲಮಲ್ಲಿನದೇ. ಕೆಳಗೆ ಅರ್ಧ ಅಡಿ ಒಳಗೆ ಬಿಡು. ಅಡ್ವಾನ್ಸ್ ತೊಗೊಳ್ಳದೆ ಕತ್ತರಿ ಇಡಬೇಡ. ಆಮೇಲೆ ಎದ್ದು ನಿಂತು, ಫೋನನ್ನು ನನ್ನ ಮಗಳ ಕೈಗೆ ಕೊಟ್ಟು, ನನ್ನನ್ನು ಹತ್ತಿರ ಕರೆದರು. ನನ್ನ ದುಪಟ್ಟಾವನ್ನು ಎಡಭುಜದ ಮೇಲೆ ಸೆರಗಿನ ಹಾಗೆ ಹಾಕಿ, ಬಲಭುಜದ ಒಳಗೆ ಎರಡು ಬೆರಳು ಇಟ್ಟು ತೋರಿಸಿದರು.

"ಇಲ್ಲಿ ನೋಡು, ಇಲ್ಲಿ. ಹುಕ್ಕು ಇಲ್ಲಿ ಬರಬೇಕು. ಕಂಡತೇನು?"

ಆ ಕಡೆಯಿಂದ, ನೆಟ್‌ವರ್ಕ್ ಸರಿ ಇಲ್ಲದೆ ಕಡಿಕಡಿದು, "ಕಂಡತ್ರಿ ಮಾಸ್ತರ, ಇನ್ನೊಮ್ಮೆ ತೋರಸ್ರಿ" ಎಂದ.